ಹಳೆಯ ಅಡುಗೆಕಟ್ಟೆಯ ಹಲಗೆ ಕೊಯ್ಯಲು ಯಾವ ಗರಗಸ?

ಕಳಚಿ ತೆಗೆದ ಅಡುಗೆಕಟ್ಟೆಯ ಹಲಗೆಯನ್ನು ವಿಲೇವಾರಿಗಾಗಿ ಕೊಯ್ಯುವಾಗ ಅಂಚು ನುಣುಪಾಗಿರಬೇಕೆಂದೇನೂ ಇಲ್ಲ. ತುಂಡುಗಳು ವಾಹನದಲ್ಲಿ ಹಿಡಿಸಿ, ಒಬ್ಬರೇ ಎತ್ತುವಷ್ಟು ಹಗುರವಾದರೆ ಸಾಕು. ಆದ್ದರಿಂದ ಹಲಗೆ ಯಾವುದರದ್ದು, ಎಷ್ಟು ದಪ್ಪವಿದೆ, ಎಷ್ಟು ಕಡೆ ಕೊಯ್ಯಬೇಕು ಎಂಬುದನ್ನು ನೋಡಿಕೊಂಡೇ ಉಪಕರಣವನ್ನು ಆರಿಸಬೇಕು.

ಮೊದಲು ಸಿಂಕ್ ಕೂರಿಸಲು ಕೊರೆದ ಕಿಂಡಿಯ ಅಂಚನ್ನು ಪರೀಕ್ಷಿಸಿ. ಮೇಲೆ ತೆಳುವಾದ ಗಟ್ಟಿ ಪದರ, ಅದರಡಿ ಅಂಟು ಬೆರೆಸಿ ಒತ್ತಿದ ಮರದ ಚೂರುಗಳು ಕಂಡರೆ ಅದು ಲ್ಯಾಮಿನೇಟ್ ಹೊದಿಸಿದ ಪಾರ್ಟಿಕಲ್ ಬೋರ್ಡ್; ನೀರು ಕುಡಿದ ಕಡೆ ಉಬ್ಬಿಕೊಂಡು, ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. 3 ಮೀಟರ್ ಉದ್ದ, 60 ಸೆಂ.ಮೀ. ಅಗಲ, 38 ಮಿ.ಮೀ. ದಪ್ಪದ ಇಂಥ ಹಲಗೆ ಸುಮಾರು 45 ಕೆ.ಜಿ. ತೂಗುತ್ತದೆ. ಅದನ್ನು ಮೂರು ತುಂಡು ಮಾಡಲು ಎರಡು ಕಡೆ ಕೊಯ್ದರಾಯಿತು.

ಇಷ್ಟಕ್ಕೆ ವಿದ್ಯುತ್ ಗರಗಸ ಕೊಳ್ಳಬೇಕಾಗಿಲ್ಲ, ಕೈಗರಗಸವೇ ಸಾಕು. ಬೋರ್ಡಿನ ಅಂಟು ಹಲ್ಲುಗಳನ್ನು ಬೇಗ ಮೊಂಡಾಗಿಸುವುದರಿಂದ ಜೋಪಾನವಾಗಿಟ್ಟ ಒಳ್ಳೆಯ ಗರಗಸವನ್ನು ಮಾತ್ರ ಇದಕ್ಕೆ ಬಳಸಬೇಡಿ. ಸಿಂಕಿನ ಕಿಂಡಿಯ ಹಿಂದೆ ಮುಂದೆ ಉಳಿದಿರುವುದು ಕೆಲವೇ ಸೆಂ.ಮೀ. ಅಗಲದ ಪಟ್ಟಿಗಳು, ಅಲ್ಲಿಯೇ ಕೊಯ್ದರೆ ಅಷ್ಟೂ ಅಗಲಕ್ಕೆ ಗರಗಸ ಎಳೆಯುವ ಶ್ರಮ ಉಳಿಯುತ್ತದೆ.

ಹಲಗೆಗಳು ಹಲವಾರಿದ್ದರೆ ಸರ್ಕ್ಯುಲರ್ ಸಾ (ದುಂಡನೆಯ ಬ್ಲೇಡ್ ತಿರುಗುವ ವಿದ್ಯುತ್ ಗರಗಸ) ಉತ್ತಮ. 165 ಮಿ.ಮೀ. ಬ್ಲೇಡಿನದು ಸಾಮಾನ್ಯವಾಗಿ 50 ಮಿ.ಮೀ.ಗಿಂತ ಆಳಕ್ಕೆ ಇಳಿಯುತ್ತದೆ. ಕಾರ್ಬೈಡ್ ತುದಿಯ 24 ಹಲ್ಲಿನ ಬ್ಲೇಡ್ ಹಾಕಿ, ಆಳವನ್ನು ಹಲಗೆಯ ದಪ್ಪಕ್ಕಿಂತ 5 ಮಿ.ಮೀ. ಹೆಚ್ಚಿಗೆ ಇಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ಹಲಗೆಗೆ ಆಸರೆ ಕೊಡುವುದರಲ್ಲಿ. ಎರಡು ಸ್ಟೂಲುಗಳ ಮೇಲಿಟ್ಟು ನಡುವೆ ಕೊಯ್ದರೆ ಹಲಗೆ ಕುಸಿದು, ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ, ಆಗ ಯಂತ್ರ ಕೊಯ್ಯುವವರ ಕಡೆಗೇ ಚಿಮ್ಮುತ್ತದೆ. ನೆಲದ ಮೇಲೆ ದಪ್ಪ ಥರ್ಮಾಕೋಲ್ ಹಾಸಿ, ಅದರ ಮೇಲೆ ಹಲಗೆಯನ್ನು ಪೂರ್ತಿ ಮಲಗಿಸಿದರೆ ಎರಡೂ ತುಂಡುಗಳು ಇದ್ದಲ್ಲೇ ಇರುತ್ತವೆ. ಕೊಯ್ಯುವ ಗೆರೆಯಲ್ಲಿ ಸ್ಕ್ರೂ, ಲೋಹದ ಪಟ್ಟಿ ಇದ್ದರೆ ಮೊದಲೇ ಕಿತ್ತುಹಾಕಿ.

ಜಿಗ್ ಸಾ ಎಂಬ ಸಣ್ಣ ವಿದ್ಯುತ್ ಗರಗಸದ, ಮೇಲೆ ಕೆಳಗೆ ಆಡುವ ಕಿರಿದಾದ ಬ್ಲೇಡ್ ಇಷ್ಟು ದಪ್ಪದಲ್ಲಿ ಬಾಗಿ ನಿಧಾನವಾಗುತ್ತದೆ. ಕಳಚಲು ಬಾರದ ಹಲಗೆಯನ್ನು ಇದ್ದಲ್ಲೇ ಕೊಯ್ಯುವುದಾದರೆ ರೆಸಿಪ್ರೊಕೇಟಿಂಗ್ ಸಾ (ಉದ್ದನೆಯ ಬ್ಲೇಡ್ ಹಿಂದೆ ಮುಂದೆ ಚಲಿಸುವ ವಿದ್ಯುತ್ ಗರಗಸ) ಉಪಯುಕ್ತ. ಆದರೆ ಹಿಂದಿನ ಗೋಡೆಯೊಳಗೆ ವೈರು, ಪೈಪುಗಳಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಲೋಹ, ಕಲ್ಲು ಕೊಯ್ಯಲು ಬಳಸುವ ಕೈಯಂತ್ರವಾದ ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಎಂದಿಗೂ ಹಾಕಬಾರದು. ಯಾವ ಉಪಕರಣವಾದರೂ ಕೆಲಸ ಮನೆಯ ಹೊರಗೆ ನಡೆಯಲಿ, ಎನ್95 ಮಾಸ್ಕ್ ಮತ್ತು ಕನ್ನಡಕ ಇರಲಿ.

ಕಲ್ಲಿನ ಕಟ್ಟೆಯ ವಿಚಾರವೇ ಬೇರೆ. ಕ್ವಾರ್ಟ್ಸ್ ಎಂದು ಮಾರುವ ಕೃತಕ ಕಲ್ಲಿನಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಪ್ರಮಾಣ ಶೇ 90ನ್ನೂ ಮೀರಬಹುದು. ಒಣಗಿದ್ದಾಗ ಕೊಯ್ದರೆ ಏಳುವ ಸೂಕ್ಷ್ಮ ದೂಳು ಶ್ವಾಸಕೋಶದಲ್ಲಿ ಕುಳಿತು, ವಾಸಿಯಾಗದ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲಿನ ಬಳಕೆಯನ್ನೇ ನಿಷೇಧಿಸಿದ್ದು ಇದೇ ಕಾರಣಕ್ಕೆ. ಗ್ರಾನೈಟಿನಲ್ಲಿಯೂ ಸಿಲಿಕಾ ಇದೆ, ಪ್ರಮಾಣ ಕಡಿಮೆ ಅಷ್ಟೆ. ಹಾಗಾಗಿ ಕಲ್ಲಿನ ಹಲಗೆಗೆ ಮನೆಯಲ್ಲಿ ಗ್ರೈಂಡರ್ ಹಿಡಿಯದೆ, 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಮೀಟರಿಗೆ 50 ಕೆ.ಜಿ. ಮೀರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದು, ಸಾಕಷ್ಟು ಜನರನ್ನು ಕರೆದು ಅದನ್ನು ಇಡಿಯಾಗಿಯೇ ಸಾಗಿಸಿ.