ಬ್ರಾಂಚ್ ಆರಿಸಿದ ಬಗೆ: ಐದನೆಯ ಕಾಲಂ

2012ರಲ್ಲಿ ನಾನು ಎಂಜಿನಿಯರಿಂಗ್ ಸೇರುವ ಹೊತ್ತಿಗೆ ಕಚ್ಚಾ ತೈಲ ಪೀಪಾಯಿಗೆ 100 ಡಾಲರ್ ದಾಟಿ ಕುಳಿತಿತ್ತು. ನಾನು ನೋಡಿದ ಸಂಬಳದ ಪಟ್ಟಿಗಳಲ್ಲೆಲ್ಲ ಪೆಟ್ರೋಲಿಯಂ ಎಂಜಿನಿಯರುಗಳದೇ ಮೊದಲ ಸಾಲು. ನನ್ನ ಮುಂದೆ ಪೆಟ್ರೋಲಿಯಂ, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಮೂರೂ ಇದ್ದವು. ಆಸಕ್ತಿ ಎಂಬ ಮಾತನ್ನು ನಾನು ಬಾಯಿಗೂ ತರಲಿಲ್ಲ. ಕೆಲಸ ಸಿಗಬೇಕು, ಅಷ್ಟೆ. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ ಎಂದು ಈಗಲೂ ಅನ್ನುತ್ತೇನೆ.

ಬ್ರಾಂಚಿಗೆ ಇಪ್ಪತ್ತರಂತೆ ಅರವತ್ತು ಉದ್ಯೋಗ ಜಾಹೀರಾತುಗಳನ್ನು ಕೂಡಿಹಾಕಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹುದ್ದೆ, ಸಂಬಳ, ಕೇಳಿರುವ ಅನುಭವ, ಕೇಳಿರುವ ಕೌಶಲ ಎಂದು ಕಾಲಂ ಮಾಡಿದೆ. ಪುಟದಲ್ಲಿ ಜಾಗ ಉಳಿಯಿತೆಂದು ಐದನೆಯದನ್ನೂ ಎಳೆದೆ: ಕಂಪನಿ ಏನನ್ನು ಮಾರುತ್ತದೆ? ಪೆಟ್ರೋಲಿಯಂ ಪುಟದಲ್ಲಿ ಮೊದಲ ಸಾಲಿಗೆ ‘ತೈಲ, ಅನಿಲ’ ಎಂದು ಬರೆದವನು ಅದರ ಕೆಳಗೆ ಹತ್ತೊಂಬತ್ತು ಸಲ ‘ಸದರಿ’ ಎಂದು ಬರೆಯಬೇಕಾಯಿತು. ಎಲೆಕ್ಟ್ರಿಕಲ್ ಪುಟದಲ್ಲಿ ಲಿಫ್ಟ್, ರೈಲು, ಸಿಮೆಂಟ್, ಎಕ್ಸ್‌ರೇ ಯಂತ್ರ, ಸೌರ ಫಲಕ, ಪಂಪು. ಸಂಬಳ ಮಾತ್ರ ಸಾಧಾರಣ.

ಆಮೇಲೆ ಕೆಲಸದಲ್ಲಿದ್ದ ಕೆಲವರನ್ನು ಹಿಡಿದು ಒಂದೇ ಪ್ರಶ್ನೆ ಕೇಳಿದೆ: ‘ನಾಳೆ ನಿಮ್ಮ ಕಂಪನಿ ಮುಚ್ಚಿದರೆ ನಿಮ್ಮನ್ನು ಯಾರು ಕರೆಯುತ್ತಾರೆ, ಸರ್?’ ತೈಲ ಬಾವಿಗಳಲ್ಲಿ ಹನ್ನೆರಡು ವರ್ಷ ದುಡಿದವರೊಬ್ಬರು ಸ್ವಲ್ಪ ಹೊತ್ತು ಯೋಚಿಸಿ, ‘ಇನ್ನೊಂದು ತೈಲ ಕಂಪನಿ. ಆದರೆ ನಮ್ಮದು ಮುಚ್ಚುವ ದಿನ ಅದೂ ಆಳುಗಳನ್ನು ಕಡಿಮೆ ಮಾಡುತ್ತಿರುತ್ತದೆ’ ಎಂದರು. ಅಲ್ಲಿಗೆ ಪೆಟ್ರೋಲಿಯಂ ಕೈಬಿಟ್ಟೆ.

ಸಂಬಳ ನೋಡಿ ಎಲ್ಲರೂ ಒಂದೇ ಬ್ರಾಂಚಿಗೆ ನುಗ್ಗುವುದಕ್ಕೊಂದು ಹೆಸರಿದೆ ಎಂದು ಬಹಳ ತಡವಾಗಿ ತಿಳಿಯಿತು. ಬೆಲೆ ಏರಿದ ವರ್ಷ ಎಲ್ಲರೂ ಅದೇ ಬೆಳೆ ಹಾಕುತ್ತಾರೆ, ಕೊಯ್ಲಿನ ಹೊತ್ತಿಗೆ ಬೆಲೆ ಬಿದ್ದಿರುತ್ತದೆ. ಎಂಜಿನಿಯರುಗಳ ಫಸಲು ಬರಲು ನಾಲ್ಕು ವರ್ಷ ಬೇಕು. ಅರ್ಥಶಾಸ್ತ್ರಜ್ಞರು ಇದನ್ನು ಜೇಡರ ಬಲೆ ಎನ್ನುತ್ತಾರೆ. ಎಂಜಿನಿಯರುಗಳ ಮಾರುಕಟ್ಟೆಗೂ ಇದು ಹೊಂದುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1976ರಲ್ಲೇ ತೋರಿಸಿದ್ದರು. ನನ್ನ ತಂಡ ಹೊರಬಂದದ್ದು 2016ರಲ್ಲಿ; ಆ ವರ್ಷದ ಜನವರಿಯಲ್ಲಿ ತೈಲ 30 ಡಾಲರಿನ ಕೆಳಗೂ ಇಳಿದಿತ್ತು.

ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ಎಡವಿತು. ಅದರ ಐದನೆಯ ಕಾಲಂ ಎಲ್ಲಕ್ಕಿಂತ ಸಮೃದ್ಧವಾಗಿತ್ತು. ಆದರೆ 2001ರ ಡಾಟ್‌ಕಾಂ ಕುಸಿತದಲ್ಲಿ ಕೆಲಸ ಕಳೆದುಕೊಂಡ ಬಂಧುವೊಬ್ಬರ ಕಥೆ ಮನೆಯಲ್ಲಿ ಓಡಾಡುತ್ತಿತ್ತು. ಇಪ್ಪತ್ತು ಜಾಹೀರಾತುಗಳಿಗಿಂತ ಆ ಒಂದು ಕಥೆಗೆ ಹೆಚ್ಚು ತೂಕ ಕೊಟ್ಟೆ. ಆ ಬ್ರಾಂಚ್ ಹಿಡಿದ ಗೆಳೆಯರು ಮುಂದಿನ ಐದಾರು ವರ್ಷ ನನಗಿಂತ ಚೆನ್ನಾಗಿಯೇ ಸಂಪಾದಿಸಿದರು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಲೆಕ್ಟ್ರಿಕಲ್ ಗೆದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಗ್ರಂಥಾಲಯದಿಂದ ಎರಡನೆಯ ವರ್ಷದ ಪಠ್ಯಗಳನ್ನು ತಂದು, ಒಂದೊಂದರಲ್ಲಿ ಒಂದು ಅಧ್ಯಾಯ ಓದಿ ಹತ್ತು ಲೆಕ್ಕ ಮಾಡಿನೋಡಿದೆ. ಸರ್ಕ್ಯೂಟ್ ಪುಸ್ತಕದಲ್ಲಿ ಹನ್ನೊಂದನೆಯದನ್ನೂ ಮಾಡಿದ್ದೆ, ಯಾರೂ ಹೇಳದೆ.

ನನಗೆ ಕೆಲಸ ಕೊಡಿಸಿದ್ದು ಕೊನೆಗೂ ಬ್ರಾಂಚಿನ ಹೆಸರಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳನ್ನು ತಯಾರಿಸುವ ಕಂಪನಿಯ ಸಂದರ್ಶನದಲ್ಲಿ ಒಬ್ಬರು ಹಾಳೆಯ ಮೇಲೆ ಡಿಸಿಯ ಎರಡು ತಂತಿಗಳ ನಡುವೆ ಒಂದರ ಕೆಳಗೊಂದು ಎರಡು ಸ್ವಿಚ್ ಬರೆದು, ಒಂದು ಆರಿ ಇನ್ನೊಂದು ಹೊತ್ತುವ ನಡುವೆ ಒಂದೆರಡು ಮೈಕ್ರೋಸೆಕೆಂಡ್ ಬಿಡುವು ಏಕೆ ಎಂದು ಕೇಳಿದರು. ಎರಡೂ ಒಟ್ಟಿಗೆ ಆನ್ ಆದರೆ ಡಿಸಿ ನೇರವಾಗಿ ಶಾರ್ಟ್ ಆಗುತ್ತದೆ ಎಂದೆ. ‘ಪುಸ್ತಕದಲ್ಲಿ ಓದಿದ್ದಾ?’ ‘ಇಲ್ಲ ಸರ್, ಪ್ರಾಜೆಕ್ಟಿನಲ್ಲಿ ಇಂಥವೇ ಎಲೆಕ್ಟ್ರಾನಿಕ್ ಸ್ವಿಚ್ಚುಗಳು, ನಾಲ್ಕು ಐಜಿಬಿಟಿ ಸುಟ್ಟಿದ್ದೇನೆ.’ ಅವರು ನಕ್ಕು, ಆ ಬಿಡುವಿನ ಕೋಡನ್ನು ಸಿ ಭಾಷೆಯಲ್ಲಿ ಬರೆಯಲು ಹೇಳಿದರು. ಜಾಹೀರಾತುಗಳ ನಾಲ್ಕನೆಯ ಕಾಲಂನಲ್ಲಿ ಎಂಟು ಕಡೆ ‘ಸಿ’ ಇದ್ದದ್ದರಿಂದ ಅದನ್ನು ರಜೆಗಳಲ್ಲಿ ಕಲಿತುಕೊಂಡಿದ್ದೆ.

ಈಗ ವಿದ್ಯುತ್ ಕಾರುಗಳ ಚಾರ್ಜರ್ ವಿನ್ಯಾಸ ಮಾಡುತ್ತೇನೆ. ಐಜಿಬಿಟಿಯ ಜಾಗಕ್ಕೆ ಇನ್ನೂ ವೇಗದ ಸಿಲಿಕಾನ್ ಕಾರ್ಬೈಡ್ ಸ್ವಿಚ್ಚು ಬಂದಿದೆ, ಆ ಬಿಡುವನ್ನು ಈಗ ನ್ಯಾನೋಸೆಕೆಂಡುಗಳಲ್ಲಿ ಎಣಿಸುತ್ತೇವೆ. 2012ರ ಆ ಅರವತ್ತು ಜಾಹೀರಾತುಗಳಲ್ಲಿ ಈ ಹುದ್ದೆ ಒಂದರಲ್ಲೂ ಇರಲಿಲ್ಲ.