ಪ್ರಿನ್ಸ್ ಒಂದಾ, ಪ್ರಿನ್ಸ್ ಎರಡಾ: ಸಾವಿನ ಲೆಕ್ಕ ಬರೆದು ತೀರ್ಮಾನ ಮಾಡಿದೆ

ಎರಡು ಕಂಪ್ಯೂಟರ್ ಆಟಗಳಲ್ಲಿ ಯಾವುದು ಮೇಲು ಅಂತ ಬಾಯಿಮಾತಿನಲ್ಲಿ ಜಗಳ ಆಡಿದರೆ ಅದು ಮುಗಿಯುವುದಿಲ್ಲ. ಆಡುವವನು ಎಲ್ಲಿ ಸತ್ತ, ಯಾಕೆ ಸತ್ತ ಅಂತ ಬರೆದಿಟ್ಟರೆ ಒಂದೇ ತಿಂಗಳಲ್ಲಿ ಮುಗಿಯುತ್ತದೆ. ಇದನ್ನು ಹೇಳಿದಾಗ ನಮ್ಮ ಅಂಗಡಿಗೆ ಬರುವ ಗೆಳೆಯರಲ್ಲಿ ಒಬ್ಬನೂ ನಂಬಲಿಲ್ಲ. ಈಗ ಎರಡು ನೋಟ್‌ಬುಕ್ ತುಂಬಿವೆ. ಜಗಳ ಮುಗಿದಿದೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

ಆಟ ಯಾವುದು ಅಂತ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಪ್ರಿನ್ಸ್ ಆಫ್ ಪರ್ಷಿಯಾ, 1989: ರಾಜಕುಮಾರಿಯನ್ನು ಬಿಡಿಸಲು ಗಡಿಯಾರ ಮುಗಿಯುವುದರೊಳಗೆ ಓಡಿ, ಹಾರಿ, ಕತ್ತಿ ಹಿಡಿದು ಕಾದಾಡುವ ಆಟ. ಅದರ ಮುಂದಿನ ಭಾಗ ದಿ ಶ್ಯಾಡೋ ಅಂಡ್ ದಿ ಫ್ಲೇಮ್, 1993. ಇಲ್ಲಿ ಕಲಬುರಗಿಯಲ್ಲಿ, ಆಗ ಗುಲ್ಬರ್ಗಾ, ಡಾಸ್ (ವಿಂಡೋಸ್‌ಗೂ ಮುಂಚಿನ ವ್ಯವಸ್ಥೆ) ಮತ್ತು ಟೈಪ್ ಮಾಡುವ ವರ್ಡ್‌ಸ್ಟಾರ್ ಕಲಿಯಲು ಕಂಪ್ಯೂಟರ್ ಕ್ಲಾಸಿಗೆ ಹೋದ ನಮ್ಮ ವಯಸ್ಸಿನವರೆಲ್ಲ ಮೊದಲು ಕಲಿತ ಕಮಾಂಡ್ ಪ್ರಿನ್ಸ್ ಅನ್ನುವುದೇ. ಹಾಗಾಗಿ ಮೊದಲನೇದರ ಮೇಲೆ ನಮಗೆಲ್ಲ ಪ್ರೀತಿ ಇದೆ. ಎರಡನೇದನ್ನು ಆಮೇಲೆ ನೋಡಿದವರು ಅದರ ಬಣ್ಣಕ್ಕೆ ಬಿದ್ದವರು. ಎರಡು ಗುಂಪಿನ ಮಾತೂ ನನಗೆ ಒಪ್ಪಿಗೆ ಇರಲಿಲ್ಲ.

ಮೊದಲು ಗೆಳೆಯರನ್ನೇ ಕೂರಿಸಿ ಆಡಿಸಿದೆ. ಅದು ಕೆಲಸಕ್ಕೆ ಬರಲಿಲ್ಲ. ನಲವತ್ತು ದಾಟಿದವರ ಬೆರಳಿಗೆ ಮೊದಲನೇ ಆಟದ ಅರ್ಧ ದಾರಿ ಇನ್ನೂ ನೆನಪಿದೆ, ಎರಡನೇದು ಹೊಸದು. ಅವರ ಸಾವು ನೋಡಿ ಏನನ್ನೂ ಹೇಳಲು ಆಗುವುದಿಲ್ಲ. ಆಗ ಎರಡನ್ನೂ ಕಂಡೇ ಇಲ್ಲದ ಹುಡುಗರನ್ನು ಹಿಡಿದೆ. ಝೆರಾಕ್ಸ್‌ಗೆ ಬರುವ ಪಿಯುಸಿ ಹುಡುಗರು, ಇಬ್ಬರು ಡಿಪ್ಲೊಮಾದವರು, ನಮ್ಮ ಅಕ್ಕನ ಮಗಳು. ಒಟ್ಟು ಹತ್ತು ಹನ್ನೆರಡು ಜನ. ಅರ್ಧ ಜನ ಒಂದನೇದನ್ನು ಮೊದಲು ಆಡಬೇಕು, ಅರ್ಧ ಜನ ಎರಡನೇದನ್ನು. ಇಲ್ಲದಿದ್ದರೆ ಕೀ ಹಿಡಿಯುವುದು ಕಲಿತ ಮೇಲೆ ಬಂದ ಆಟಕ್ಕೆ ಸುಮ್ನೆ ಲಾಭ ಆಗುತ್ತದೆ.

ಮಷೀನಿನ ಕಥೆ ಕೇಳಿ. ಹಳೇ ಪೆಂಟಿಯಂ ಒಂದನ್ನು ಗುಜರಿಯಿಂದ ಸುಮಾರು ಸಾವಿರದ ಇನ್ನೂರಕ್ಕೆ ತಂದೆ, ಏಳುನೂರಕ್ಕೆ ದಪ್ಪ ಮಾನಿಟರ್. ಅಸಲಿ ಪರದೆಯ ಮೇಲೇ ಆಡಿಸಬೇಕು ಅಂತ ನನ್ನ ಹಟ. ಮಾನಿಟರ್ ಒಂದು ವಾರ ಬಾಳಿತು. ಏಪ್ರಿಲ್ ಬಿಸಿಲು, ಹೊರಗೆ ನಲವತ್ತೆರಡು ಡಿಗ್ರಿ, ಮಧ್ಯಾಹ್ನ ಕರೆಂಟ್ ಹೋಗಿ ಬಂದ ಹೊಡೆತಕ್ಕೆ ಟಪ್ ಅಂತ ಸದ್ದು ಬಂತು, ಸುಟ್ಟ ವಾಸನೆ ಬಂತು. ಮಾನಿಟರಿನೊಳಗೆ ಹೈವೋಲ್ಟೇಜ್ ಕೊಡುವ ಇಎಚ್‌ಟಿ ಹೋಗಿತ್ತು. ರಿಪೇರಿಗೆ ಕೇಳಿದ ದುಡ್ಡಿನಲ್ಲಿ ಇನ್ನೊಂದು ಮಾನಿಟರ್ ಬರುತ್ತಿತ್ತು. ಹಟ ಬಿಟ್ಟು ಅಂಗಡಿಯ ಎರಡು ಮಾಮೂಲಿ ಮಷೀನಿಗೆ ಡಾಸ್‌ಬಾಕ್ಸ್ ಹಾಕಿದೆ, ಹಳೇ ಡಾಸ್ ಆಟಗಳನ್ನು ಈಗಿನ ಮಷೀನಿನಲ್ಲಿ ಓಡಿಸುವ ಸಾಫ್ಟ್‌ವೇರ್ ಅದು. ಪೆಂಟಿಯಂ ಈಗಲೂ ಮೇಜಿನ ಕೆಳಗಿದೆ, ಬಿಡಿ.

ಡಾಸ್‌ಬಾಕ್ಸ್ ಎಲ್ಲರಿಗೂ ಗೊತ್ತು. ಆದರೆ ಒಂದನೇದಕ್ಕೆ ಸಾಕಾಗುವ ಸೈಕಲ್ಸ್, ಅಂದರೆ ಅದರ ವೇಗದ ನಂಬರ್, ಎರಡನೇದಕ್ಕೆ ಸಾಲುವುದಿಲ್ಲ. ಎರಡನೇದು 256 ಬಣ್ಣದ್ದು, ಪರದೆ ಮೇಲೆ ನಾಲ್ಕು ಜನ ಒಟ್ಟಿಗೆ ಕತ್ತಿ ಬೀಸುತ್ತಾರೆ, ಅಲ್ಲಿ ಆಟ ತಡವರಿಸಿದರೆ ಹುಡುಗ ಸತ್ತದ್ದು ತನ್ನ ತಪ್ಪಿಗೋ ಮಷೀನಿನ ತಪ್ಪಿಗೋ ಹೇಳಲಾಗದು. ಕಂಟ್ರೋಲ್ ಎಫ್12 ಒತ್ತುತ್ತಾ ಒತ್ತುತ್ತಾ ಎರಡಕ್ಕೂ ಸರಿಹೊಂದುವ ಒಂದು ನಂಬರ್ ಕಂಡುಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಷೀನಿಗೆ ನೀವೇ ಹುಡುಕಿಕೊಳ್ಳಿ, ಕತ್ತಿ ತಾಗಿದ ಸದ್ದು ಒಡೆಯದೆ ಬಂದರೆ ಸರಿಯಾಗಿದೆ ಅಂತ ಲೆಕ್ಕ.

ದುಡ್ಡು ಜಾಸ್ತಿ ತಿಂದದ್ದು ಕೀಬೋರ್ಡ್. ಮುನ್ನೂರು ರೂಪಾಯಿಯ ಕೀಬೋರ್ಡುಗಳಲ್ಲಿ ಶಿಫ್ಟ್, ಮೇಲಿನ ಬಾಣ, ಪಕ್ಕದ ಬಾಣ ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದು ಕೀ ನುಂಗಿಹೋಗುತ್ತದೆ. ಓಡಿ ಹಾರಿ ಅಂಚು ಹಿಡಿಯಬೇಕಾದ ಪ್ರಿನ್ಸ್ ಅಂಚು ಹಿಡಿಯದೆ ಕೆಳಗೆ ಬೀಳುತ್ತಾನೆ. ಮೂರು ಕೀಬೋರ್ಡ್ ಬದಲಿಸಿದೆ. ಕೊನೆಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೇ ಹೋಗಿ ಎರಡು ಹಳೇ ಮೆಕ್ಯಾನಿಕಲ್ ಕೀಬೋರ್ಡ್ ತಂದೆ, ಚೌಕಾಸಿ ಮಾಡಿ ಎರಡಕ್ಕೆ ಎರಡೂವರೆ ಸಾವಿರದ ಹತ್ತಿರ. ಇನ್ನೊಂದು ಪೀಡೆ ವಿಂಡೋಸ್‌ನದು. ಕಾದಾಟದಲ್ಲಿ ಹೊಡೆಯುವ ಕೀ ಶಿಫ್ಟ್ ಅಲ್ವಾ. ಐದು ಸಲ ಪಟಪಟ ಒತ್ತಿದರೆ ಸ್ಟಿಕಿ ಕೀಸ್ ಬೇಕಾ ಅಂತ ಕಿಟಕಿ ತೆರೆದುಕೊಳ್ಳುತ್ತದೆ, ಅದನ್ನು ಮುಚ್ಚುವುದರೊಳಗೆ ಕಾವಲುಗಾರ ಕೆಲಸ ಮುಗಿಸಿರುತ್ತಾನೆ. ಸೆಟ್ಟಿಂಗ್‌ನಲ್ಲಿ ಮೊದಲೇ ಆಫ್ ಮಾಡಿ.

ಇನ್ನು ಲೆಕ್ಕ. ನೋಟ್‌ಬುಕ್ಕಿನಲ್ಲಿ ಮೂರು ಕಂಬ ಎಳೆದೆ: ಕೈ, ಕಣ್ಣು, ಆಟ. ಏನು ಮಾಡಬೇಕು ಅಂತ ಗೊತ್ತಿದ್ದೂ ಬೆರಳು ತಪ್ಪಿ ಸತ್ತರೆ ಕೈ. ಅಪಾಯ ಪರದೆ ಮೇಲೆ ಕಾಣುತ್ತಿತ್ತು, ಗಮನಿಸಲಿಲ್ಲ ಅಂದರೆ ಕಣ್ಣು. ಗೊತ್ತಾಗಲು ದಾರಿಯೇ ಇರಲಿಲ್ಲ ಅಂದರೆ ಆಟ. ಹುಡುಗರೇ ಬರೆದುಕೊಳ್ಳಲಿ ಅಂತ ಮೊದಲು ಬಿಟ್ಟೆ, ಆಟದ ಹುರುಪಿನಲ್ಲಿ ಯಾರೂ ಬರೆಯಲಿಲ್ಲ. ಆಮೇಲೆ ಕಂಟ್ರೋಲ್ ಆಲ್ಟ್ ಎಫ್5 ಒತ್ತಿ ಡಾಸ್‌ಬಾಕ್ಸ್‌ನಲ್ಲೇ ವಿಡಿಯೋ ಹಿಡಿದು, ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಆಡಿದವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಸಾವನ್ನೂ ತಿರುಗಿಸಿ ನೋಡಿದೆ. ಯಾವ ಕಂಬ ಅಂತ ಅವನೇ ಹೇಳಬೇಕು, ನಾನು ಬಾಯಿ ಹಾಕುವುದಿಲ್ಲ. ಈ ಪದ್ಧತಿಯ ಜೀವ ಇರುವುದೇ ಇಲ್ಲಿ. ಚಹಾ, ಮಿರ್ಚಿ ಭಜಿಗೆ ಒಂದು ಸಾವಿರದಷ್ಟು ಹೋಯಿತು. ಎಲ್ಲ ಸೇರಿ ಎಂಟು ಒಂಬತ್ತು ಸಾವಿರ ಖರ್ಚು.

ಫಲ ಏನು ಅಂದರೆ, ಒಂದನೇ ಆಟದಲ್ಲಿ ಮುನ್ನೂರರ ಆಸುಪಾಸು ಸಾವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೈ, ಉಳಿದದ್ದರಲ್ಲಿ ಬಹುಪಾಲು ಕಣ್ಣು, ಆಟದ ಕಂಬದಲ್ಲಿ ಹತ್ತಕ್ಕೆ ಒಂದೂ ಇಲ್ಲ. ಎರಡನೇದರಲ್ಲಿ ಸಾವು ಅದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಮೂರರಲ್ಲಿ ಒಂದು ಆಟದ ಕಂಬಕ್ಕೆ ಹೋಯಿತು. ಗುಹೆಗಳ ಭಾಗದಲ್ಲಂತೂ ಒಬ್ಬ ಹುಡುಗ ಆ ಕಂಬದ ತಲೆಬರಹ ಹೊಡೆದುಹಾಕಿ 'ಮೋಸ' ಅಂತ ಬರೆದಿದ್ದಾನೆ. "ಕಾಕಾ, ಇದು ನನ್ನ ತಪ್ಪಲ್ಲ, ನೀವೇ ನೋಡ್ರಿ, ಅವ ಎಲ್ಲಿಂದ ಬಂದ ಗೊತ್ತೇ ಆಗಲಿಲ್ಲ" ಅಂತ ಮೂರು ಸಲ ತಿರುಗಿಸಿ ತೋರಿಸಿದ. ಮುಂದಿನವನ ಜೊತೆ ಕಾದಾಡುತ್ತಿರುವಾಗ ಬೆನ್ನ ಹಿಂದಿನಿಂದ ಇನ್ನೊಬ್ಬ ಬಂದಿದ್ದ.

ಯಾಕೆ ಹೀಗೆ? ಒಂದನೇ ಆಟ ತನ್ನ ಕಾನೂನನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿ ಮುಗಿಸುತ್ತದೆ. ಎರಡು ಅಂತಸ್ತಿನಿಂದ ಬಿದ್ದರೆ ಪರದೆಯ ಕೆಳಗೆ ಕಾಣುವ ಜೀವಗಳಲ್ಲಿ ಒಂದು ಹೋಗುತ್ತದೆ, ಮೂರು ಅಂತಸ್ತಾದರೆ ಸಾವು. ಸಡಿಲ ಹಾಸುಗಲ್ಲು ಬೀಳುವ ಮುಂಚೆ ಅಲುಗುತ್ತದೆ. ಮೊಳೆಗಳ ನಡುವೆ ಓಡಿದರೆ ಸಾವು, ಶಿಫ್ಟ್ ಒತ್ತಿ ಮೆಲ್ಲಗೆ ಹೆಜ್ಜೆ ಇಟ್ಟರೆ ಏನೂ ಆಗುವುದಿಲ್ಲ. ಕೊನೆಗೆ ಎದುರಾಗುವ ದುಷ್ಟ ಮಂತ್ರಿ ಜಾಫರ್‌ತನಕ ಇದೇ ಕಾನೂನು. ಜೋರ್ಡನ್ ಮೆಕ್ನರ್ ಇದನ್ನು ಆಪಲ್ 2 ಕಂಪ್ಯೂಟರಿನಲ್ಲಿ ಸುಮಾರು ನಾಲ್ಕು ವರ್ಷ ಕೂತು ತಾನೇ ಬರೆದದ್ದು. ತಮ್ಮನನ್ನು ಓಡಿಸಿ, ಹಾರಿಸಿ, ಅದರ ವಿಡಿಯೋದ ಮೇಲೆ ಒಂದೊಂದೇ ಚಿತ್ರ ಬಿಡಿಸಿದ್ದಕ್ಕೇ ಪ್ರಿನ್ಸ್ ಹಾಗೆ ನಿಜವಾಗಿ ಓಡುತ್ತಾನೆ. ಆದರೆ ಆ ಚಿತ್ರಗಳೇ ಮೆಮೊರಿ ತಿಂದುಬಿಟ್ಟವು. ಹೊಸ ಶತ್ರುವಿಗೆ ಜಾಗ ಉಳಿಯಲಿಲ್ಲ. ಆಗ ಪ್ರಿನ್ಸ್‌ನ ಅದೇ ಚಿತ್ರವನ್ನು ಎಕ್ಸಾರ್ ಮಾಡಿ, ಅಂದರೆ ಅದರ ಬಿಟ್‌ಗಳನ್ನು ಅದಲುಬದಲು ಮಾಡಿ, ನೆರಳು ಮನುಷ್ಯನನ್ನು ಹುಟ್ಟಿಸಿದ. ಜಾಗ ಇಲ್ಲದ್ದಕ್ಕೆ ಬಂದ ಆ ನೆರಳೇ ಆಟದ ಕಥೆಯಾಯಿತು. ಎರಡನೇದಕ್ಕೆ ದೊಡ್ಡ ತಂಡ ಇತ್ತು, ಮೆಕ್ನರ್ ಯೋಜನೆ ಹಾಕಿಕೊಟ್ಟ, ಪ್ರೋಗ್ರಾಂ ಬರೆದವರು ಬೇರೆಯವರು. ಜಾಗಕ್ಕೆ ಬರ ಇರಲಿಲ್ಲ. ಊರಿನ ಮಾಳಿಗೆಗಳು, ಹಡಗು, ಗುಹೆಯ ಅಸ್ಥಿಪಂಜರ, ಹಾರುವ ಚಾಪೆ, ಪಾಳು ಊರಿನ ಹಾವು, ಹಾರಿ ಬಂದು ಕಚ್ಚುವ ತಲೆ, ಹಕ್ಕಿ ಮುಖದ ಕಾವಲುಗಾರರು. ನೋಡಲು ಹಬ್ಬ. ಆದರೆ ಪ್ರತಿ ಊರಿಗೂ ಬೇರೆ ಕಾನೂನು. ಇಲ್ಲಿ ಕಲಿತದ್ದು ಅಲ್ಲಿ ನಡೆಯುವುದಿಲ್ಲ.

ನಮ್ಮ ಅಕ್ಕನ ಮಗಳು ಒಂದನೇದರ ನಾಲ್ಕನೇ ಹಂತದಲ್ಲಿ ಕನ್ನಡಿ ಮುಂದೆ ನಿಂತ ವಿಡಿಯೋ ನನ್ನ ಹತ್ತಿರ ಇದೆ. ಬಾಗಿಲು ತೆರೆದಾಗಿದೆ, ದಾರಿಯಲ್ಲಿ ಕನ್ನಡಿ ಅಡ್ಡ. ಮುಟ್ಟಿದಳು, ಆಗಲಿಲ್ಲ. ಹಿಂದೆ ಬಂದಳು. ಶಿಫ್ಟ್ ಒತ್ತಿ ಒಂದೊಂದೇ ಹೆಜ್ಜೆ ಇಟ್ಟು ನೋಡಿದಳು, ಆಗಲೂ ಇಲ್ಲ. ಒಂದು ನಿಮಿಷ ಕೈ ತೆಗೆದು ಕೂತಳು, ಗಡಿಯಾರ ಓಡುತ್ತಿದೆ ಅಂತ ಗೊತ್ತಿದ್ದೂ. ಆಮೇಲೆ ಪೂರ್ತಿ ಹಿಂದಕ್ಕೆ ಹೋಗಿ ಓಡಿ ಬಂದು ಕನ್ನಡಿಯೊಳಗೇ ಹಾರಿದಳು. ಅತ್ತ ಕಡೆಯಿಂದ ನೆರಳು ಹಾರಿ ಹೋಯಿತು, ಇವಳಿಗೆ ಉಳಿದದ್ದು ಒಂದೇ ಜೀವ. ಕೂಗಿದ್ದು ನೋಡಬೇಕಿತ್ತು. ಆ ನೆರಳು ಐದನೇ ಹಂತದಲ್ಲಿ ಅವಳ ಔಷಧಿ ಕುಡಿದು ಹೋಯಿತು, ಆರನೇದರಲ್ಲಿ ಬಾಗಿಲು ಮುಚ್ಚಿ ಕೆಳಕ್ಕೆ ಬೀಳಿಸಿತು. ಹನ್ನೆರಡನೇದರಲ್ಲಿ ಎದುರಾದಾಗ ಸಿಟ್ಟಿನಿಂದ ಹೊಡೆದಳು, ತನ್ನದೇ ಜೀವ ಹೋಯಿತು. ಇನ್ನೊಮ್ಮೆ ಹೊಡೆದಳು, ಇನ್ನೊಂದು ಹೋಯಿತು. "ಮಾಮಾ, ಇದು ನಾನೇ ಅಲ್ಲೇನು?" ಅಂದಳು, ಕತ್ತಿ ಒಳಗೆ ಹಾಕಿದಳು, ಎರಡೂ ಕೂಡಿಕೊಂಡವು. ಪರದೆ ಮೇಲೆ ಒಂದು ಅಕ್ಷರ ಇಲ್ಲ, ನಾನು ಒಂದು ಮಾತು ಹೇಳಿಲ್ಲ. ಎರಡನೇದರಲ್ಲೂ ನೆರಳು ಇದೆ, ಆದರೆ ಅದನ್ನು ದೇಹದಿಂದ ಹೊರಗೆ ತರುವ ಉಪಾಯವನ್ನು ನನ್ನ ಹುಡುಗರಲ್ಲಿ ಒಬ್ಬನೂ ತಾನಾಗಿ ಕಂಡುಹಿಡಿಯಲಿಲ್ಲ. ನನಗೆ ಗೊತ್ತು, ಹೇಳಲಿಲ್ಲ. ಇಲ್ಲೂ ಹೇಳುವುದಿಲ್ಲ.

ಎರಡನೇದಕ್ಕೆ ಅನ್ಯಾಯ ಮಾಡಬಾರದು. ಗಡಿಯಾರದ ವಿಷಯದಲ್ಲಿ ಅದೇ ಮೇಲು ಅಂತ ನನ್ನ ಅಭಿಪ್ರಾಯ. ಮೊದಲನೇದರಲ್ಲಿ 60 ನಿಮಿಷ ಮೊದಲ ಹೆಜ್ಜೆಯಿಂದಲೇ ಓಡುತ್ತದೆ, ಹೊಸಬರು ಗಾಬರಿಯಾಗುತ್ತಾರೆ. ಎರಡನೇದರಲ್ಲಿ 75 ನಿಮಿಷ, ಅದೂ ಆಟದ ನಡುವೆ ಶುರುವಾಗುತ್ತದೆ, ಅಲ್ಲಿಯವರೆಗೆ ಆರಾಮಾಗಿ ಸುತ್ತಾಡಬಹುದು. ಬೇಗ ಬಿಟ್ಟು ಎದ್ದುಹೋಗುವ ಸ್ವಭಾವದ ಇಬ್ಬರು ಹುಡುಗರು ಎರಡನೇದರಲ್ಲೇ ಜಾಸ್ತಿ ಹೊತ್ತು ಕೂತರು. ಮೂರು ನಾಲ್ಕು ಜನರ ನಡುವಿನ ಕಾದಾಟವೂ ಕೈಗೆ ಹತ್ತಿದ ಮೇಲೆ ಬಹಳ ರುಚಿ. ಆದರೆ ಕೊನೆಯಲ್ಲಿ, ಯಾವುದನ್ನು ಬೇಕಾದರೂ ಆಡ್ರಿ ಅಂತ ಬಿಟ್ಟಾಗ, ಹತ್ತರಲ್ಲಿ ಏಳೆಂಟು ಜನ ಒಂದನೇದಕ್ಕೇ ಹೋದರು, ಎರಡನೇದನ್ನು ಮೊದಲು ಆಡಿದವರೂ ಸೇರಿ. ಇವರಿಗೆ ಹಳೇ ನೆನಪಿನ ಮೋಹ ಇಲ್ಲ, ನೆನಪಿರಲಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಎಸ್‌ಡಿಎಲ್‌ಪಾಪ್ (ಒಂದನೇ ಆಟವನ್ನು ಈಗಿನ ಮಷೀನಿಗೆ ಹೊಂದಿಸಿದ ಆವೃತ್ತಿ) ಹಾಕಿ ಒಂದನೇದನ್ನೇ ಎಫ್6 ಸೇವ್, ಎಫ್9 ಲೋಡ್ ಇಟ್ಟುಕೊಂಡು ಆಡಿಸಿದೆ. ಕೈ ಕಂಬದ ಸಾವು ದುಪ್ಪಟ್ಟಾಯಿತು! ಭಯ ಹೋದ ಕೂಡಲೇ ಬೆರಳು ಸಡಿಲ. ಹುಡುಗರಿಗೂ ಬೇಗ ಬೇಜಾರು ಬಂತು. ಹಾಗಾಗಿ ಹೋಲಿಕೆ ಮಾಡುವವರು ಸೇವ್ ಕೊಡಬೇಡಿ.

ಇನ್ನೊಂದು, ಅಪೊಪ್ಲೆಕ್ಸಿ ಅನ್ನುವ ಎಡಿಟರ್ ಇದೆ, ಎರಡೂ ಆಟದ ಹಂತಗಳನ್ನು ತಿದ್ದಬಹುದು. ಅದರಲ್ಲಿ ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯ ನಕ್ಷೆ ಇಟ್ಟುಕೊಂಡು ಒಂದು ಹಂತ ಮಾಡಿದೆ. 1367ರ ಆ ಕಟ್ಟಡವನ್ನು ಕಟ್ಟಿದವನು ಇರಾನಿನ ಖಜ್ವೀನ್‌ನಿಂದ ಬಂದ ರಫಿ, ಪರ್ಷಿಯಾದ ಆಟಕ್ಕೆ ಅದಕ್ಕಿಂತ ಒಳ್ಳೇ ನಕ್ಷೆ ಎಲ್ಲಿ ಸಿಗಬೇಕು? ಬಯಲು ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹೊದ್ದ ಮಸೀದಿ ಅದು, ಕಮಾನಿನ ಹಿಂದೆ ಕಮಾನು. ಪಕ್ಕದಿಂದ ನೋಡುವ ಆಟಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದನೇದರ ಚೌಕಗಳಲ್ಲಿ ಎರಡು ರಾತ್ರಿಯಲ್ಲಿ ಮುಗಿಯಿತು, ಹುಡುಗರು "ನಮ್ಮ ಕೋಟಿ ಹಾಕ್ರಿ" ಅಂತ ಕೇಳಿ ಆಡುತ್ತಾರೆ. ಎರಡನೇದರಲ್ಲಿ ಅದನ್ನೇ ಮಾಡಲು ಹೋಗಿ ವಾರವಿಡೀ ಕೂತರೂ ಹಿಡಿಸುವಂಥದ್ದು ಬರಲಿಲ್ಲ. ಅಲ್ಲಿ ಹಿನ್ನೆಲೆ ಚಿತ್ರ ಬಹಳ, ಚೌಕ ಸರಿಸಿದರೆ ಚಿತ್ರಕ್ಕೂ ನೆಲಕ್ಕೂ ತಾಳೆ ಆಗುವುದಿಲ್ಲ. ನನ್ನ ಮಟ್ಟಿಗೆ ನೋಟ್‌ಬುಕ್ ಹೇಳಿದ್ದನ್ನೇ ಎಡಿಟರೂ ಹೇಳಿತು.

ಮೊದಲು ನಕ್ಕಿದ್ದ ಗೆಳೆಯ, ಎರಡನೇದರ ಪಕ್ಷದವನು, ಕಳೆದ ವಾರ ಬಂದು ಎರಡೂ ನೋಟ್‌ಬುಕ್ ಪೂರ್ತಿ ತಿರುವಿ ಹಾಕಿದ. ಗುಹೆಯ ಪುಟಗಳ ಹತ್ತಿರ ಸುಮ್ಮನಾದ. ಆಮೇಲೆ ಇದೇ ಲೆಕ್ಕ ಬೇರೆ ಆಟಕ್ಕೂ ಬರೆಯೋಣ ಅಂದ. ಮೂರನೇ ಭಾಗ 1999ರ ಪ್ರಿನ್ಸ್ ಆಫ್ ಪರ್ಷಿಯಾ 3ಡಿಯನ್ನು ಸೇರಿಸಬೇಕು ಅಂತ ಇಬ್ಬರಿಗೂ ಇದೆ, ಈ ಸಲ ಆ ಪೆಂಟಿಯಂನಲ್ಲೇ. ಕಲಬುರಗಿ, ಬೀದರ್ ಕಡೆ ಯಾರ ಹತ್ತಿರವಾದರೂ ಕೆಲಸ ಮಾಡುವ ಹಳೇ ವೂಡೂ 3ಡಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಬೆಲೆ ಹೇಳಿ, ಒಂದೂವರೆ ಸಾವಿರದವರೆಗೆ ಕೊಡುತ್ತೇನೆ, ಆದರೆ ಹಾಕಿ ನೋಡಿಯೇ ದುಡ್ಡು.