ಮಲೆನಾಡಿನ ಬೆಳಕು ಮತ್ತು ಜೇಬಿನ ಕ್ಯಾಮೆರಾ: ನನ್ನ ಅನುಭವ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿ ಎಲೆಚುಕ್ಕೆ ರೋಗ ಕಾಣಿಸಿಕೊಂಡ ಮೇಲೆ, ಸೋಗೆಗಳ ಚಿತ್ರವನ್ನು ಆಗಾಗ ತೆಗೆದಿಟ್ಟು ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೋಲಿಸಿ ನೋಡುವ ಅಗತ್ಯ ಬಿತ್ತು. ಅದಕ್ಕೆ ನಾನು ಬಳಸುತ್ತಿರುವುದು ಅಂಗಿಯ ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾ. ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಮಳೆಯಲ್ಲಿ ನೆನೆದ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ, ಗುಂಡಿ ಸ್ಪಂದಿಸುತ್ತದೆ. ಮರದ ತುದಿಯ ಹಿಂಗಾರವನ್ನು (ಅಡಿಕೆಯ ಹೂಗೊಂಚಲು) ಕೆಳಗೆ ನಿಂತೇ ಹತ್ತಿರಕ್ಕೆ ತಂದುಕೊಳ್ಳಲು ಲೆನ್ಸ್ ಮುಂದಕ್ಕೆ ಚಾಚುವ ನಿಜವಾದ ಜೂಮ್ ಬೇಕು. ಬ್ಯಾಟರಿ ಮುಗಿದರೆ ಇನ್ನೊಂದನ್ನು ಹಾಕಿಕೊಳ್ಳಬಹುದು. ಒಮ್ಮೆ ಹೋದ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದ ನಮ್ಮ ಮಳೆಗಾಲದಲ್ಲಿ ಇದು ದೊಡ್ಡ ಅನುಕೂಲ.

ಮಲೆನಾಡಿನ ಬೆಳಕು ಈ ಕ್ಯಾಮೆರಾಗಳ ಆಟೋ ವ್ಯವಸ್ಥೆಗೆ ಸುಲಭದ್ದಲ್ಲ. ತೋಟದೊಳಗೆ ನಡುಹಗಲಿನಲ್ಲೂ ನಸುಗತ್ತಲು, ಗುಡ್ಡದ ಮೇಲೆ ಹಾಲಿನಂತಹ ಮಂಜು, ಜೋಗದಲ್ಲಿ ಕರಿಬಂಡೆಯ ಮೇಲೆ ಬೆಳ್ಳನೆಯ ನೀರು. ಆದ್ದರಿಂದ ನಾನು ಮೊದಲು ಮಾಡುವ ಕೆಲಸ ಮೋಡ್ ಚಕ್ರವನ್ನು ಆಟೋದಿಂದ ‘ಪಿ’ ಅಕ್ಷರಕ್ಕೆ ತಿರುಗಿಸುವುದು. ಆಟೋದಲ್ಲಿ ಬಹುತೇಕ ಆಯ್ಕೆಗಳಿಗೆ ಬೀಗ ಬಿದ್ದಿರುತ್ತದೆ. ‘ಪಿ’ಯಲ್ಲಿ ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಬಾಯಿಯ ಅಗಲ) ಮತ್ತು ಶಟರ್ ವೇಗವನ್ನು (ಬೆಳಕನ್ನು ಒಳಬಿಡುವ ಅವಧಿ) ಕ್ಯಾಮೆರಾವೇ ನೋಡಿಕೊಳ್ಳುತ್ತದೆ, ಆದರೆ ಬೆಳಕಿನ ತಿದ್ದುಪಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಮತ್ತು ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ) ನಮ್ಮ ಕೈಗೆ ಬರುತ್ತವೆ. ಮೋಡ್ ಚಕ್ರವಿಲ್ಲದ ಮಾದರಿಗಳಲ್ಲಿ ಇದೇ ಆಯ್ಕೆ ಮೆನುವಿನೊಳಗೆ ಸಿಗುತ್ತದೆ.

ಎರಡನೆಯದು ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿಯುವ ಅಭ್ಯಾಸ. ಈ ಗುಂಡಿಗೆ ಎರಡು ಹಂತಗಳಿವೆ. ಅರ್ಧ ಒತ್ತಿದಾಗ ಕ್ಯಾಮೆರಾ ದೂರವನ್ನೂ ಬೆಳಕನ್ನೂ ಅಳೆದು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಚಿತ್ರ ತೆಗೆಯುತ್ತದೆ. ಪರದೆಯ ಮೇಲಿನ ಚೌಕ ಹಸಿರಾದರೆ ಫೋಕಸ್ ಕೂತಿದೆ ಎಂದು ಅರ್ಥ. ಹಳದಿಯಾಗಿಯೋ ಕೆಂಪಾಗಿಯೋ ಮಿನುಗಿದರೆ ಕೂತಿಲ್ಲ. ಮಂಜಿನಲ್ಲಿ ಈ ಮಿನುಗು ಪದೇ ಪದೇ ಕಾಣಿಸುತ್ತದೆ, ಏಕೆಂದರೆ ಫೋಕಸ್ ಹಿಡಿಯಲು ಕ್ಯಾಮೆರಾಕ್ಕೆ ಕಪ್ಪು ಬಿಳುಪಿನ ನಡುವಿನ ಒಂದು ಗೆರೆ ಬೇಕು, ಮಂಜಿನಲ್ಲಿ ಅಂತಹ ಗೆರೆಯೇ ಇರುವುದಿಲ್ಲ. ಕೊಡಚಾದ್ರಿಯ ಮೇಲೆ ಮಂಜು ಮುಚ್ಚಿದಾಗ ನಾನು ಚಿತ್ರಕ್ಕೆ ಬೇಕಾದಷ್ಟೇ ದೂರದಲ್ಲಿರುವ ಒಂದು ಮರದ ಕಾಂಡದ ಅಂಚಿಗೆ ಚೌಕವನ್ನು ಇಟ್ಟು, ಅರ್ಧ ಒತ್ತಿ, ಚೌಕ ಹಸಿರಾದ ಮೇಲೆ ಬೆರಳನ್ನು ಸಡಿಲಿಸದೆ ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸಿ ಪೂರ್ತಿ ಒತ್ತುತ್ತೇನೆ.

ಆಗುಂಬೆಯ ಸೂರ್ಯಾಸ್ತಕ್ಕೂ ಇದೇ ಉಪಾಯ ನೆರವಾಗುತ್ತದೆ. ಮಳೆ ನಿಂತು ಆಕಾಶ ತಿಳಿಯಾಗುವ ನವೆಂಬರ್ ನಂತರದ ತಿಂಗಳುಗಳಲ್ಲಿ ಘಟ್ಟದ ಅಂಚಿನ ವೀಕ್ಷಣಾ ಸ್ಥಳದಿಂದ ಸೂರ್ಯ ಮುಳುಗುವುದು ಚೆನ್ನಾಗಿ ಕಾಣುತ್ತದೆ. ಕೆಳಗಿನ ಕಪ್ಪು ಕಾಡು ಚೌಕಟ್ಟಿನಲ್ಲಿ ಹೆಚ್ಚು ಸೇರಿದರೆ ಕ್ಯಾಮೆರಾ ಅದನ್ನು ಬೆಳಗಿಸಲು ಹೋಗಿ ಆಕಾಶದ ಕಿತ್ತಳೆ ಬಣ್ಣವನ್ನು ತೊಳೆದುಹಾಕುತ್ತದೆ. ಹಾಗಾಗಿ ಸೂರ್ಯನ ಪಕ್ಕದ ಆಕಾಶಕ್ಕೆ ಗುರಿಯಿಟ್ಟು ಅರ್ಧ ಒತ್ತಿ, ಆಮೇಲೆ ಚೌಕಟ್ಟನ್ನು ಹೊಂದಿಸಿಕೊಳ್ಳುತ್ತೇನೆ. ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಸಂಜೆಯ ಕೆಂಪನ್ನು ಕ್ಯಾಮೆರಾ ದೋಷವೆಂದು ತಿಳಿದು ತಗ್ಗಿಸಬಹುದು. ಮೋಡದ ಚಿಹ್ನೆಗೆ ಬದಲಿಸಿದರೆ ಬಣ್ಣ ಉಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಈ ಕ್ಯಾಮೆರಾದ ಅತ್ಯಂತ ಬೆಲೆಬಾಳುವ ಸೌಲಭ್ಯವೆಂದರೆ ಕೂಡಿಸು ಮತ್ತು ಕಳೆ ಚಿಹ್ನೆಗಳಿರುವ ಆ ಪುಟ್ಟ ಗುಂಡಿ, ಅಂದರೆ ಎಕ್ಸ್‌ಪೋಷರ್ ತಿದ್ದುಪಡಿ ಅಥವಾ ಇವಿ. ಇದನ್ನು ಮುಟ್ಟದೆಯೇ ವರ್ಷಗಟ್ಟಲೆ ಫೋಟೊ ತೆಗೆಯುವವರಿರುವುದು ನನಗೆ ಬೇಸರದ ಸಂಗತಿ, ಏಕೆಂದರೆ ನಮ್ಮ ಕಡೆಯ ಹೆಚ್ಚಿನ ಚಿತ್ರಗಳು ಕೆಡುವುದು ಇದೊಂದನ್ನು ಬಳಸದ ಕಾರಣದಿಂದ. ಎದುರಿನ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದು ಎಂದು ನಂಬಿ ಕ್ಯಾಮೆರಾ ಬೆಳಕನ್ನು ಲೆಕ್ಕ ಹಾಕುತ್ತದೆ. ದೃಶ್ಯ ಪೂರ್ತಿ ಬಿಳಿಯಾಗಿದ್ದರೆ ಅದನ್ನು ಬೂದಿಗೆ ಇಳಿಸುತ್ತದೆ, ಕಪ್ಪಾಗಿದ್ದರೆ ಬೂದಿಗೆ ಏರಿಸುತ್ತದೆ. ಮಂಜು ಕೊಳಕು ಬಣ್ಣಕ್ಕೆ ತಿರುಗುವುದಕ್ಕೂ, ಸಕ್ರೆಬೈಲಿನಲ್ಲಿ ತುಂಗೆಯ ನೀರಿಗಿಳಿದ ಆನೆಯ ಮೈ ಬೆಳಗಿನ ಹೊತ್ತಿನಲ್ಲೂ ಬೂದಿ ಬಳಿದಂತೆ ಕಾಣುವುದಕ್ಕೂ ಇದೇ ಕಾರಣ.

ಈ ಗುಂಡಿಯಲ್ಲಿ ಸಾಮಾನ್ಯವಾಗಿ ಕಳೆ 2ರಿಂದ ಕೂಡಿಸು 2ರವರೆಗೆ, ಮೂರನೇ ಒಂದು ಭಾಗದ ಮೆಟ್ಟಿಲುಗಳಿರುತ್ತವೆ. ಕೂಡಿಸು 1 ಎಂದರೆ ಬೆಳಕು ಎರಡರಷ್ಟು, ಕಳೆ 1 ಎಂದರೆ ಅರ್ಧದಷ್ಟು. ಮಂಜಿಗೆ ನಾನು ಕೂಡಿಸು 0.7ರಿಂದ 1ರವರೆಗೆ ಏರಿಸುತ್ತೇನೆ. ಆನೆಗೆ ಕಳೆ 0.7. ಮಳೆಗಾಲದಲ್ಲಿ ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು ಇನ್ನೂ ಕಷ್ಟದ ವಿಷಯ. ಚೌಕಟ್ಟಿನ ಬಹುಭಾಗ ಕಡುಹಸಿರು, ನಡುವೆ ಬೆಳ್ಳನೆಯ ಹಕ್ಕಿ. ಕ್ಯಾಮೆರಾ ಹಸಿರಿನ ಲೆಕ್ಕ ಹಿಡಿದು ಬೆಳಕನ್ನು ಏರಿಸಿದರೆ ಹಕ್ಕಿಯ ಗರಿಗಳೆಲ್ಲ ಕರಗಿ ಒಂದು ಬಿಳಿ ಗುರುತು ಮಾತ್ರ ಉಳಿಯುತ್ತದೆ. ಅಲ್ಲಿ ಕಳೆ 1ರವರೆಗೂ ಇಳಿಸಬೇಕಾಗುತ್ತದೆ. ಚಿತ್ರ ಸ್ವಲ್ಪ ಕಪ್ಪಾಗಿದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿಕೊಳ್ಳಬಹುದು, ಪೂರ್ತಿ ಬಿಳಿಯಾಗಿ ಹೋದ ಜಾಗದಲ್ಲಿ ಮರಳಿ ಪಡೆಯಲು ಏನೂ ಉಳಿದಿರುವುದಿಲ್ಲ.

ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 253 ಮೀಟರ್ ಆಳಕ್ಕೆ ಧುಮುಕುವ ದೃಶ್ಯಕ್ಕೆ ಒಂದೇ ಸಂಖ್ಯೆ ಸಾಲದು. ನೀರು ತೆಳುವಾಗಿ ಬಂಡೆ ಹೆಚ್ಚು ಕಾಣುವಾಗ ಕಳೆಯ ಕಡೆಗೆ ಹೋಗಬೇಕು. ಮುಂಗಾರಿನಲ್ಲಿ ತುಂತುರು ಎದ್ದು ಕಣಿವೆಯೇ ಬೆಳ್ಳಗಾದಾಗ ಕೂಡಿಸುವ ಕಡೆಗೆ ಬರಬೇಕು. ನಿಂತ ನಿಲುವಿನಲ್ಲೇ ಮಂಜು ಬಂದು ಹೋಗುವುದರಿಂದ ಒಂದು ಚಿತ್ರ ತೆಗೆದ ಕೂಡಲೇ ಪ್ಲೇ ಗುಂಡಿ ಒತ್ತಿ ಹಿಸ್ಟೋಗ್ರಾಂ ನೋಡುತ್ತೇನೆ. ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಚಿತ್ರದ ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ಆ ಗುಡ್ಡದಾಕಾರದ ನಕ್ಷೆ ಬಲ ಅಂಚಿಗೆ ಹೋಗಿ ಗುಡ್ಡೆಬಿದ್ದಿದ್ದರೆ ನೀರಿನ ವಿವರ ಹೋಯಿತೆಂದು ಅರ್ಥ. ಬಯಲು ಬೆಳಕಿನಲ್ಲಿ ಪರದೆಯ ಚಿತ್ರಕ್ಕಿಂತ ಈ ನಕ್ಷೆಯನ್ನೇ ಹೆಚ್ಚು ನಂಬಬಹುದು.

ಫ್ಲ್ಯಾಶ್ ಬಗ್ಗೆ ನನ್ನ ನಿಲುವು ಖಚಿತವಾಗಿದೆ: ಅದು ಆಟೋದಲ್ಲಿ ಇರಕೂಡದು. ಮಳೆ ಹನಿಯುವಾಗ ಫ್ಲ್ಯಾಶ್ ಬಿದ್ದರೆ ಹತ್ತಿರದ ಹನಿಗಳೆಲ್ಲ ಬಿಳಿ ಚುಕ್ಕೆಗಳಾಗಿ ಚಿತ್ರದ ತುಂಬ ಚೆಲ್ಲುತ್ತವೆ. ಈ ಪುಟ್ಟ ಫ್ಲ್ಯಾಶಿನ ಬೆಳಕು ಮೂರು ನಾಲ್ಕು ಮೀಟರ್ ದಾಟಿದ ಮೇಲೆ ಸೊರಗುತ್ತದೆ. ರಾತ್ರಿಯ ಯಕ್ಷಗಾನದಲ್ಲಿ ಹಿಂದಿನ ಸಾಲಿನಿಂದ ಅದನ್ನು ಹಾರಿಸಿದರೆ ಮುಂದೆ ಕೂತವರ ತಲೆಗಳು ಬೆಳಗುತ್ತವೆಯೇ ಹೊರತು ವೇಷಧಾರಿಯಲ್ಲ. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಗಂತೂ ಫ್ಲ್ಯಾಶ್ ಕೂಡದೇ ಕೂಡದು. ಎದುರಿನಿಂದ ಬಿದ್ದ ಬೆಳಕು ನೆರಳುಗಳನ್ನು ಅಳಿಸಿಬಿಡುತ್ತದೆ, ಕೆತ್ತನೆಯ ಆಳ ತಿಳಿಯುವುದು ನೆರಳಿನಿಂದಲೇ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟುಕೊಂಡರೆ ಬಳ್ಳಿಯ ಒಂದೊಂದು ಸುರುಳಿಯೂ ಎದ್ದು ಬರುತ್ತದೆ.

ಹಾಗೆಂದು ಫ್ಲ್ಯಾಶ್ ನಿಷ್ಪ್ರಯೋಜಕವೇನಲ್ಲ. ಅಂಗಳದ ಬಿಸಿಲಿಗೆ ಬೆನ್ನು ಮಾಡಿ ಜಗಲಿಯಲ್ಲಿ ಕೂತಿದ್ದ ನಮ್ಮ ಚಿಕ್ಕಮ್ಮನ ಫೋಟೊ ತೆಗೆದು ತೋರಿಸಿದಾಗ, “ಅಂಗಳ ಚಂದ ಬಂದಿದೆ ತಮ್ಮಾ, ನನ್ನ ಮುಖ ಎಲ್ಲಿ?” ಎಂದು ಕೇಳಿದರು. ಅಂತಹ ಹೊತ್ತಿನಲ್ಲಿ ಮೆನುವಿನ ಮಿಂಚಿನ ಚಿಹ್ನೆಯಲ್ಲಿ ಆಟೋ ಬಿಟ್ಟು ‘ಆನ್’ ಆಯ್ದುಕೊಂಡರೆ, ಹಗಲಿನಲ್ಲೂ ಫ್ಲ್ಯಾಶ್ ಬಿದ್ದು ಹಿಂದಿನ ಅಂಗಳವೂ ಮುಂದಿನ ಮುಖವೂ ಎರಡೂ ಸರಿಯಾಗಿ ಬರುತ್ತವೆ. ಮರುಕ್ಷಣದಲ್ಲೇ ತೆಗೆದ ಆ ಚಿತ್ರವನ್ನು ಅವರು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದಾರೆ.

ಐಎಸ್‌ಒ ಬಗ್ಗೆ ಹೇಳುವುದಾದರೆ, ಈ ಕ್ಯಾಮೆರಾಗಳ ಮಿತಿ ಇಲ್ಲಿಯೇ ಇದೆ. ಬಹುಪಾಲು ಕಾಂಪ್ಯಾಕ್ಟ್‌ಗಳ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ್ದು, ದೊಡ್ಡ ಕ್ಯಾಮೆರಾಗಳ 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣದಲ್ಲಿ ಸುಮಾರು 30ರಲ್ಲಿ ಒಂದು ಪಾಲು. ಇಷ್ಟು ಚಿಕ್ಕ ಜಾಗಕ್ಕೆ ಬೀಳುವ ಬೆಳಕು ಕಡಿಮೆ. ಐಎಸ್‌ಒ ಏರಿಸಿದಷ್ಟೂ ಚಿತ್ರದಲ್ಲಿ ಕಾಳುಕಾಳು ಕಾಣಿಸುತ್ತದೆ, ಅದನ್ನು ಮರೆಮಾಚಲು ಕ್ಯಾಮೆರಾ ಸಣ್ಣ ವಿವರಗಳನ್ನೂ ಸವರಿಬಿಡುತ್ತದೆ. ಸೋಗೆಯ ಚಿತ್ರಕ್ಕೆ ನಾನು 400 ದಾಟುವುದಿಲ್ಲ. ಯಕ್ಷಗಾನಕ್ಕೆ 800 ಅಥವಾ 1600 ಅನಿವಾರ್ಯ, ಏಕೆಂದರೆ ಕುಣಿಯುವ ವೇಷಕ್ಕೆ ಶಟರ್ ವೇಗ ಬೇಕೇ ಬೇಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಒಳಗಿನ ಕಂಬಗಳು ಕುಣಿಯುವುದಿಲ್ಲವಾದ್ದರಿಂದ ಅಲ್ಲಿ 100ರಲ್ಲೇ ಇಟ್ಟು, ಕ್ಯಾಮೆರಾವನ್ನು ನೆಲದ ಮೇಲೆ ಚೀಲದ ಆನಿಕೆ ಕೊಟ್ಟು ನಿಲ್ಲಿಸಿ, 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕುತ್ತೇನೆ. ಗುಂಡಿ ಒತ್ತಿದ ಅಲುಗಾಟ ಅಷ್ಟರಲ್ಲಿ ನಿಂತಿರುತ್ತದೆ.

ಇನ್ನು ರೋಗದ ಎಲೆಯ ವಿಷಯ. ಎಲೆಚುಕ್ಕೆ ಎಂದರೆ ಎಲೆಯ ಮೇಲೆ ಸಣ್ಣ ಕಂದು ಚುಕ್ಕೆ, ಅದರ ಸುತ್ತ ಹಳದಿ ಉಂಗುರ. ಆ ಉಂಗುರ ಸ್ಪಷ್ಟವಾಗಿ ಕಾಣದಿದ್ದರೆ ತಜ್ಞರಿಗೆ ಚಿತ್ರ ಕಳಿಸಿ ಪ್ರಯೋಜನವಿಲ್ಲ. ಹೂವಿನ ಚಿಹ್ನೆಯ ಮ್ಯಾಕ್ರೋ ಆಯ್ಕೆ ಮಾಡಿ, ಜೂಮನ್ನು ಪೂರ್ತಿ ಹಿಂದಕ್ಕೆ ಎಳೆದು, ನಾವೇ ಎಲೆಯ ಹತ್ತಿರಕ್ಕೆ ಹೋಗಬೇಕು. ಜೂಮ್ ಮಾಡಿದರೆ ಮ್ಯಾಕ್ರೋದ ಕನಿಷ್ಠ ದೂರ ಕೆಲವು ಸೆಂಟಿಮೀಟರಿನಿಂದ ಒಂದು ಅಡಿಗೂ ಹೆಚ್ಚಾಗುತ್ತದೆ. ಜೊತೆಗೆ ಅನೇಕ ಮಾದರಿಗಳಲ್ಲಿ ಜೂಮಿನ ತುದಿಯಲ್ಲಿ ಲೆನ್ಸಿನ ಬಾಯಿ ಕಿರಿದಾಗಿ ಒಳಬರುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ತೀರಾ ಹತ್ತಿರ ಹೋದರೆ ಲೆನ್ಸಿನ ನೆರಳೇ ಎಲೆಯ ಮೇಲೆ ಬೀಳುವುದರಿಂದ ನಾನು ನಾಲ್ಕೈದು ಸೆಂಟಿಮೀಟರಿನಲ್ಲಿ ನಿಲ್ಲುತ್ತೇನೆ. ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ನಡುವೆ ಎಲೆಯನ್ನು ಬಿಗಿಯಾಗಿ ಚಪ್ಪಟೆ ಹಿಡಿದು, ಪಕ್ಕದಲ್ಲಿ ಮಕ್ಕಳ ಸ್ಕೇಲಿನ ತುಂಡೊಂದನ್ನು ಇಡುತ್ತೇನೆ. ಚುಕ್ಕೆ ಎರಡು ಮಿಲಿಮೀಟರಿನದೋ ಐದರದೋ ಎಂಬುದು ಚಿತ್ರದಲ್ಲೇ ತಿಳಿಯುತ್ತದೆ. ಒಮ್ಮೆ ಎಲೆಯ ಮೇಲ್ಮೈಯದು, ಒಮ್ಮೆ ಎಲೆಯನ್ನು ಆಕಾಶಕ್ಕೆ ಎತ್ತಿ ಹಿಡಿದು ಕೂಡಿಸು 1ರಲ್ಲಿ ಹಿಂಬೆಳಕಿನದು: ಈ ಎರಡನೆಯ ಚಿತ್ರದಲ್ಲಿ ಹಳದಿ ಉಂಗುರ ಬಹಳ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ.

ತೋಟದೊಳಗೆ ಸೋಗೆಗಳಿಂದ ಸೋಸಿ ಬರುವ ಬೆಳಕೇ ಹಸಿರು. ಬಣ್ಣ ನಿಜವಾಗಿ ಬರಬೇಕೆಂದರೆ ವೈಟ್ ಬ್ಯಾಲೆನ್ಸಿನಲ್ಲಿ ಕಸ್ಟಮ್ ಆಯ್ಕೆ ಮಾಡಿ, ಅದೇ ಜಾಗದಲ್ಲಿ ಒಂದು ಬಿಳಿ ಹಾಳೆಯನ್ನು ಚೌಕಟ್ಟಿನ ತುಂಬ ಹಿಡಿದು ಅಳತೆ ಕೊಡಬೇಕು. ಹಾಳೆಯ ಬದಲು ನೀಲಿ ಹಾಕಿ ಒಗೆದ ಪಂಚೆ ಬಳಸಿದರೆ ಚಿತ್ರ ಹಳದಿಗೆ ವಾಲುತ್ತದೆ, ಹಳದಿ ಉಂಗುರವನ್ನೇ ನೋಡಬೇಕಾದ ಕಡೆ ಅದು ದಾರಿ ತಪ್ಪಿಸುತ್ತದೆ. ಚಿತ್ರಗಳನ್ನು ತಜ್ಞರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ವಿವರ ಕುಗ್ಗುವುದಿಲ್ಲ. ಕ್ಯಾಮೆರಾದ ದಿನಾಂಕವೂ ಸರಿಯಿರಬೇಕು. ಬ್ಯಾಟರಿಯನ್ನು ಬಹಳ ದಿನ ಹೊರಗಿಟ್ಟರೆ ಗಡಿಯಾರ ಮೊದಲಿಗೆ ಮರಳಿ, ಯಾವ ಚಿತ್ರ ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ಶಿಲೀಂಧ್ರನಾಶಕ ದ್ರಾವಣ) ಸಿಂಪಡಣೆಗೆ ಮುಂಚಿನದು, ಯಾವುದು ನಂತರದ್ದು ಎಂದು ತಿಳಿಯದೆ ಹೋಗುತ್ತದೆ.

ಉಳಿದ ಸಂಗತಿಗಳಿಗೆ ಹೆಚ್ಚು ಮಾತು ಬೇಡ. ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ ಆದ ಡಿಜಿಟಲ್ ಜೂಮನ್ನು ಮೆನುವಿನಲ್ಲಿ ಶಾಶ್ವತವಾಗಿ ಆಫ್ ಮಾಡಿ. ಚಿತ್ರದ ಅಳತೆಯನ್ನು ದೊಡ್ಡದರಲ್ಲೇ ಇಡಿ. ಕಾರ್ಡನ್ನು ಪ್ರತಿ ಸಲ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಪ್ರಿಂಟ್ ಹಾಕಿಸುವ ಉದ್ದೇಶವಿದ್ದರೆ ಮಾತ್ರ ಒಂದು ಎಚ್ಚರ ಬೇಕು: ಈ ಕ್ಯಾಮೆರಾಗಳ ಚಿತ್ರ ಸಾಮಾನ್ಯವಾಗಿ 4:3 ಪ್ರಮಾಣದ್ದು, ಸ್ಟುಡಿಯೊದ 6 ಇಂಚು 4 ಇಂಚಿನ ಕಾಗದ 3:2 ಪ್ರಮಾಣದ್ದು. ಅಡ್ಡ ಚಿತ್ರದ ಮೇಲೂ ಕೆಳಗೂ ಒಂದಿಷ್ಟು ಕತ್ತರಿಸಿ ಹೋಗುತ್ತದೆ. ಆದ್ದರಿಂದ ಮನೆಮಂದಿಯ ಚಿತ್ರ ತೆಗೆಯುವಾಗ ತಲೆಯ ಮೇಲೆ ಜಾಗ ಬಿಡಬೇಕು.

ಕ್ಯಾಮೆರಾವನ್ನು ಕಾಪಾಡುವುದೂ ಮಲೆನಾಡಿನಲ್ಲಿ ಅದನ್ನು ಬಳಸುವಷ್ಟೇ ಮುಖ್ಯವಾದ ಕೆಲಸ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಅದೇ ಬೂಷ್ಟು ಲೆನ್ಸಿನ ಒಳಗೆ ಹಿಡಿದರೆ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಬಿಚ್ಚಿ ಒರೆಸುವುದು ನಮ್ಮಿಂದ ಆಗುವ ಕೆಲಸವಲ್ಲ. ತೋಟದ ಚಳಿಯಿಂದ ಅಡಿಕೆ ಬೇಯಿಸುವ ಒಲೆಯ ಹತ್ತಿರ ಬಂದರೆ ಲೆನ್ಸಿನ ಮೇಲೆ ಆವಿ ಕೂರುತ್ತದೆ. ಆಗ ಒರೆಸದೆ, ಕ್ಯಾಮೆರಾ ಚೀಲದಲ್ಲೇ ಇದ್ದು ಆ ಜಾಗದ ಬಿಸಿಗೆ ಹೊಂದಿಕೊಳ್ಳುವವರೆಗೆ ಕಾಯುವುದು ಒಳ್ಳೆಯದು. ಮನೆಯಲ್ಲಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಲಿಕಾ ಜೆಲ್ ಹರಳುಗಳ ಪೊಟ್ಟಣದೊಂದಿಗೆ ಇಡುತ್ತೇನೆ. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಅಡುಗೆಗೆ ಬಳಸದ ಬೇರೆಯೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಹರಳು ಪೂರ್ತಿ ಆರಿದ ಮೇಲಷ್ಟೇ ಅದನ್ನು ಡಬ್ಬಿಗೆ ಹಾಕಬೇಕು.